ಎರಡು ನಾಯಿಗಳ ಮನೆ

ನಾಯಿ ಕರೆತರುವ ಅತಿಥಿಗಳು ಜೈವಂತಿಯ ಮನೆ ಬಾಗಿಲವರೆಗೆ ಕಾರು ತರುವಂತಿಲ್ಲ. ಊರಿನ ಕೆಳಗೆ, ಅಕ್ರೋಟು ಮರದ ತಿರುವಿನಲ್ಲಿ ನಿಲ್ಲಿಸಬೇಕು. ಕಿಟಕಿಯ ಗಾಜು ಇಳಿಸಬಹುದು, ಬಾಗಿಲು ಮಾತ್ರ ತೆಗೆಯಕೂಡದು. ಜೈವಂತಿ ಇಳಿದು ಬರುವವರೆಗೆ ಅಲ್ಲೇ ಕೂತಿರಬೇಕು. ದಿಲ್ಲಿಯ ದೊಡ್ಡ ಸಾಹೇಬರಿರಲಿ, ಚಂಡೀಗಢದ ಡಾಕ್ಟರಿರಲಿ, ಈ ಕಾನೂನಿಗೆ ರಿಯಾಯಿತಿ ಇಲ್ಲ. ಒಮ್ಮೆ ಯಾರೋ ಅವಸರದವರು ಹಾರ್ನ್ ಹೊಡೆದರೆಂದು ಆಕೆ ಬೇಕೆಂದೇ ಇನ್ನೊಂದು ಲೋಟ ಚಹಾ ಕುಡಿದು ಇಳಿದಿದ್ದಳು.

ಇಳಿಯುವಾಗ ಒಬ್ಬಳೇ ಇಳಿಯುವುದಿಲ್ಲ. ಮುಂದೆ ಮನೆಯ ಹತ್ತು ಮೇಕೆಗಳು, ಪಕ್ಕದಲ್ಲಿ ಮುದಿ ನಾಯಿ ಭೂರಿ. ಅತಿಥಿ ನಾಯಿಯನ್ನು ಕಾರಿನಿಂದ ತಾನೇ ಇಳಿಸಿ, ಸೊಂಟಕ್ಕೆ ಹತ್ತಾರು ಸುತ್ತು ಸುತ್ತಿಕೊಂಡ ಕರಿಯುಣ್ಣೆಯ ಹಗ್ಗವನ್ನು, ಬೆಟ್ಟದ ಕುರಿಗಾಹಿಗಳಾದ ಗದ್ದಿ ಜನ ಡೋರಾ ಎನ್ನುವುದನ್ನು, ಬಿಚ್ಚಿ ಅದರ ತುದಿಯನ್ನು ನಾಯಿಯ ಎದೆಗೆ ಕಟ್ಟುತ್ತಾಳೆ. ಇಪ್ಪತ್ತೆಂಟು ವರ್ಷದಿಂದ ಆಕೆಯ ಮೈಮೇಲಿರುವ ಡೋರಾ ಅದು. ಒಲೆಯ ಹೊಗೆ, ಮೇಕೆಯ ಹಾಲು, ಕೊಟ್ಟಿಗೆ, ಬೆವರು, ಇಡೀ ಮನೆಯ ವಾಸನೆ ಅದರಲ್ಲಿದೆ. ಆಮೇಲೆ ಮೇಕೆಗಳ ನಡುವೆ ನಾಯಿಯನ್ನು ನಡೆಸಿಕೊಂಡು ಕಾಲು ಗಂಟೆಯ ಏರು ಹತ್ತಬೇಕು. ನಾಯಿಗಳನ್ನು ಎದುರುಬದುರು ನಿಲ್ಲಿಸುವ ಹಾಗಿಲ್ಲ, ಪಕ್ಕಪಕ್ಕದಲ್ಲೇ ನಡೆಸಬೇಕು. ಒಡೆಯರು ಬಾಯಿ ಮುಚ್ಚಿಕೊಂಡು ಹಿಂದಿನಿಂದ ಬರಬೇಕು. ಅಂಗಳ ಮುಟ್ಟುವ ಹೊತ್ತಿಗೆ ಆ ನಾಯಿ ಹೊರಗಿನದಾಗಿ ಉಳಿದಿರುವುದಿಲ್ಲ, ಮಂದೆಯ ಜೊತೆ ಮನೆಗೆ ಮರಳಿದ ಇನ್ನೊಂದು ಜೀವವಾಗಿರುತ್ತದೆ. ಮಂದೆಗೆ ಹೊಸ ನಾಯಿ ತಂದಾಗ ಆಕೆಯ ಮಾವ ಮಾಡುತ್ತಿದ್ದುದೂ ಇದನ್ನೇ.

ಹೀಗೆ ಮೂರು ವರ್ಷದಲ್ಲಿ ನಲವತ್ತೊಂದು ನಾಯಿಗಳು ಬಂದು ಹೋಗಿವೆ. ಒಂದರ ಮೈಮೇಲೂ ಹಲ್ಲಿನ ಗುರುತು ಬಿದ್ದಿಲ್ಲ. ಯಾರಾದರೂ ಕೇಳಿದರೆ, ಕೇಳದಿದ್ದರೂ, ಜೈವಂತಿ ಅಷ್ಟೂ ಹೆಸರುಗಳನ್ನು ಬಂದ ಕ್ರಮದಲ್ಲೇ ಹೇಳಬಲ್ಲಳು. ಅದರಲ್ಲಿ ಮೂವರು ಬ್ರೂನೋಗಳಿದ್ದಾರೆ, ಮೂವರನ್ನೂ ಬೇರೆ ಬೇರೆಯಾಗಿ ವರ್ಣಿಸುತ್ತಾಳೆ. ಆ ಬೆಟ್ಟದೂರು ಬನೋಟಿನಲ್ಲಿ ಬಾಡಿಗೆಗೆ ಅತಿಥಿಗಳನ್ನು ಇರಿಸಿಕೊಳ್ಳುವ ಮನೆಗಳು ಇನ್ನೂ ನಾಲ್ಕಿವೆ. ಅವರೂ ನಾಯಿ ತರಬಹುದು ಎನ್ನುತ್ತಾರೆ, ಆದರೆ ತಮ್ಮ ನಾಯಿಗಳನ್ನು ಹಿತ್ತಲಿಗೆ ಕಟ್ಟಿಬಿಡುತ್ತಾರೆ. ಅವು ಬೆಳಗಿನಿಂದ ಸಂಜೆಯವರೆಗೆ ಬೊಗಳಿ ಗಂಟಲು ಹರಿದುಕೊಳ್ಳುತ್ತವೆ.

"ಮನೆಯವರನ್ನ ಕಟ್ಟಿಹಾಕಿ ನೆಂಟರಿಗೆ ಅಂಗಳ ಬಿಟ್ಕೊಡೋದು ಯಾವೂರ ಮರ್ಯಾದೆ?" ಎನ್ನುತ್ತಾಳೆ ಜೈವಂತಿ. ಆಕೆಯ ಜಂಬ ಊರಿಗೆಲ್ಲ ಗೊತ್ತು. ಆದರೆ ಆ ಜಂಬಕ್ಕೆ ಕಾರಣವಿತ್ತು ಎಂಬುದನ್ನು ಹೇಳಲೆಂದೇ ಈ ಕಥೆ.

ಭೂರಿಯ ಕೊನೆಯ ಸೂಲಿನಲ್ಲಿ ಹುಟ್ಟಿದವನು ಬಂಕೂ. ಕರಿ ಮೈ, ಎದೆಯ ಮೇಲೆ ಅಂಗೈಯಗಲದ ಬಿಳಿ ಮಚ್ಚೆ, ಎತ್ತರ ಎಳೆಗರುವಿನಷ್ಟು. ಕಣ್ಣು ಬಿಡುವ ಮೊದಲೇ ಅವನು ಮಂದೆಗೆ ಎಂದು ಮಾತಾಗಿತ್ತು. ಮಂದೆ ಎಂದರೆ ಜೈವಂತಿಯ ಗಂಡ ಲೇಖ್‌ರಾಜನಿಗೂ ಅವನ ತಮ್ಮ ಕಿಕ್ರೂವಿಗೂ ಸೇರಿದ ಮುನ್ನೂರು ಕುರಿ ಮೇಕೆ. ಲೇಖ್‌ರಾಜನ ಮೊಣಕಾಲು ಕೈಕೊಟ್ಟ ಮೇಲೆ ಅವನು ಮನೆ ಹಿಡಿದು ಅತಿಥಿಗಳಿಗೆ ಅಡುಗೆ ಮಾಡತೊಡಗಿದ. ಬೇಸಿಗೆಗೆ ಮಂದೆಯನ್ನು ಹಿಮದ ದಾರಿ ದಾಟಿಸಿ ಮೇಲಿನ ಹುಲ್ಲುಗಾವಲಿಗೆ ಏರಿಸುವುದು, ಚಳಿಗೆ ಕೆಳಗಿನ ಕಾಡಿಗೆ ಇಳಿಸುವುದು ಕಿಕ್ರೂವಿನ ಪಾಲಾಯಿತು. ಬಂಕೂ ಮರಿಯಾಗಿದ್ದಾಗ ಕಾಲು ಮುರಿದುಕೊಂಡು ಮೊದಲ ವರ್ಷ ಮನೆಯಲ್ಲೇ ಉಳಿದ. ಎರಡನೆಯ ವರ್ಷ ಜೈವಂತಿ, ಇನ್ನೂ ಕುಂಟುತ್ತಾನೆ ಎಂದಳು. ಮೂರನೆಯ ವರ್ಷ, ಭೂರಿಗೆ ವಯಸ್ಸಾಯಿತು, ಮನೆಗೊಂದು ಬೇಡವೇ ಎಂದಳು. ವರ್ಷಕ್ಕೆ ಎರಡು ಬಾರಿ ಮಂದೆ ಊರು ದಾಟುವಾಗಲೂ ಆಕೆಯ ಹತ್ತಿರ ಒಂದು ನೆಪ ತಯಾರಿರುತ್ತಿತ್ತು.

ಈ ಕಾರ್ತಿಕದಲ್ಲಿ ನೆಪ ನಡೆಯುವ ಹಾಗಿರಲಿಲ್ಲ. ಸಿಗ್ನಲ್ ಸಿಕ್ಕ ಮೊದಲ ದಿಣ್ಣೆಯಿಂದಲೇ ಕಿಕ್ರೂ ಫೋನ್ ಮಾಡಿದ.

"ಭಾಭಿ, ನಾಳೆ ಮಧ್ಯಾಹ್ನ ಊರಿಗೆ ಇಳೀತೀವಿ. ರಾಜ್ಮಾ ನೆನೆಹಾಕು ಅಂತ ಭಾಯಿಗೆ ಹೇಳು."

"ಹೇಳ್ತೀನಿ. ಎಲ್ಲಾ ಚೆನ್ನಾಗಿದೀರಾ?"

"ನಾವು ಚೆನ್ನಾಗಿದೀವಿ. ಮೋತಾ ಹೋದ. ಕರಡಿ ಮೇಲೆ ಬಿದ್ದ, ಬಿಡ್ಲಿಲ್ಲ, ಎದ್ದೂ ಬರ್ಲಿಲ್ಲ." ಮೋತಾ ಮಂದೆಯ ನಾಲ್ಕನೆಯ ಕಾವಲು ನಾಯಿ. "ಈಗ ಮುನ್ನೂರು ತಲೆಗೆ ಮೂರೇ ನಾಯಿ. ಬಂಕೂನ ಕೊಡು ಭಾಭಿ."

ಜೈವಂತಿ ಬಾಯಿ ತೆರೆದಳು, ಯಾವ ನೆಪವೂ ಬರಲಿಲ್ಲ.

"ಯಾಕೆ, ಮಾತೇ ಇಲ್ಲ? ಅವನಿನ್ನೂ ನಾಯಿಯಾಗೇ ಇದಾನೋ, ಇಲ್ಲಾ ಹೆಗಲ ಮೇಲೆ ಟವಲ್ ಹಾಕ್ಕೊಂಡು ಗಿರಾಕಿಗಳಿಗೆ ಚಾ ಕೊಡ್ತಾನೋ?"

"ನಿನ್ನ ನಾಯಿಗಳಿಗಿಂತ ನೂರು ಪಾಲು ವಾಸಿ ಅವನು!"

"ಹಂಗಂತ ನೀನು ಹೇಳ್ಬೇಕು. ದಾರಿ ಉದ್ದಕ್ಕೂ ಕುರಿಯೋರೆಲ್ಲ ಆಡ್ಕೊಂಡು ನಗ್ತಾರೆ. ಗದ್ದಿ ನಾಯಿ, ಅಪರಿಚಿತ ನಾಯಿ ಕಂಡ್ರೆ ಜಾಗ ಬಿಟ್ಟು ಕೂತ್ಕೊಳುತ್ತಂತೆ! ನೋಡು, ನಾನು ಬಂದು ಕಣ್ಣಾರೆ ನೋಡ್ತೀನಿ. ಕೆಟ್ಟಿದ್ರೆ ನೀನೇ ಇಟ್ಕೋ, ನಂಗೆ ಹೊರೆ. ಕೆಟ್ಟಿಲ್ಲ ಅಂದ್ರೆ ನಾಡಿದ್ದು ಬೆಳಿಗ್ಗೆ ನನ್ ಜೊತೆ ಬರ್ತಾನೆ. ಒಪ್ಗೆನಾ?"

"ಒಪ್ಗೆ. ನೋಡು ಬಾ." ಸೋಲೊಪ್ಪದ ಚಾಳಿ ಬಾಯಿಂದ ಮಾತು ಹೊರಡಿಸಿಬಿಟ್ಟಿತು. ಫೋನ್ ಇಟ್ಟ ಮೇಲೆ ತಾನು ಒಪ್ಪಿದ್ದೇನೆಂದು ಆಕೆಗೆ ಅರ್ಥವಾಯಿತು.

ಬಂಕೂ ಕೆಟ್ಟುಹೋಗಿದ್ದಾನೆ ಎನಿಸಿಕೊಂಡರೆ ಉಳಿಯುತ್ತಾನೆ, ಒಳ್ಳೆಯವನೆನಿಸಿಕೊಂಡರೆ ಹೊರಡುತ್ತಾನೆ. ಜೋಳದ ಹಿಟ್ಟು ನಾದುತ್ತ ಆಕೆ ಇದನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಬಂಕೂ ಹೊಸ್ತಿಲ ಮೇಲೆ ಗಲ್ಲವಿಟ್ಟು ಮಲಗಿದ್ದ. ಆಕೆ ಅವನಿಗೆ ಬಾಟಲಿಯಲ್ಲಿ ಹಾಲು ಕುಡಿಸಿದ್ದಳು, ಮುರಿದ ಕಾಲಿಗೆ ಬಿದಿರಿನ ಸೀಳು ಕಟ್ಟಿದ್ದಳು. ಎರಡೂ ಮಕ್ಕಳು ಮದುವೆಯಾಗಿ ಹೋದ ಮೇಲೆ ಆ ಮನೆಯಲ್ಲಿ ಆಕೆಯ ಹಿಂದೆ ಮುಂದೆ ಸುತ್ತುತ್ತಿದ್ದವನು ಅವನೊಬ್ಬನೇ. ಅವನು ಹೋಗುವುದು ಬೇಡ, ಖಂಡಿತ ಬೇಡ. ಆದರೆ ಅವನನ್ನು ನೋಡಿ ಯಾರಾದರೂ ನಗುವುದನ್ನು ಕಲ್ಪಿಸಿಕೊಂಡರೆ ಹಿಟ್ಟಿನ ಮೇಲಿನ ಕೈ ತಾನಾಗಿ ಬಿಗಿಯುತ್ತಿತ್ತು.

"ನಾಳೆ ಚಂಡೀಗಢದ ಮೇಡಂ ಬರೋರಿದಾರೆ, ನಾಯಿ ಸಮೇತ," ಎಂದ ಲೇಖ್‌ರಾಜ್, ಫೋನ್ ಕಣ್ಣಿಗೆ ಹತ್ತಿರ ಹಿಡಿದು. "ಬೇಡ ಅಂತ ಬರೀಲಾ? ಕಿಕ್ರೂನ ಮೂರು ನಾಯೀನೂ ಇರ್ತಾವೆ."

"ಬರೋರನ್ನ ಬೇಡ ಅಂದಿದ್ದುಂಟೇನ್ರೀ ನಾವು?"

"ಇಲ್ಲ. ಅದಕ್ಕೇ ಕೇಳ್ದೆ, ಭಯ ಆಯ್ತು."

"ನೀವು ರಾಜ್ಮಾ ನೋಡ್ಕೊಳ್ಳಿ. ಅಂಗಳ ನಾನು ನೋಡ್ಕೋತೀನಿ," ಎಂದು ಆಕೆ ತಮ್ಮನಂಥ ಮೈದುನನ ಮೇಲಿನ ಸಿಟ್ಟನ್ನು ಗಂಡನ ಮೇಲೆ ತೀರಿಸಿದಳು.

ಮರುದಿನ ಹನ್ನೊಂದಕ್ಕೆ ಅಕ್ರೋಟು ಮರದ ಕೆಳಗೆ ಬಿಳಿ ಕಾರು ಬಂದು ನಿಂತಿತು. ಜಸ್ಲೀನ್ ಎಂಬ ಆ ಮೇಡಂ ಬ್ಯಾಂಕಿನಲ್ಲಿ ಆಫೀಸರು, ನಲವತ್ತೈದರ ಆಸುಪಾಸು. ಹಿಂದಿನ ಸೀಟಿನ ಪೂರ್ತಿ ಹರಡಿಕೊಂಡು ಕೂತಿದ್ದವನು ನವಾಬ್. ಹೊಂಬಣ್ಣದ ಉದ್ದ ಕೂದಲು, ಪರಾಠಾ ತಿಂದು ಬೆಳೆದ ಸೊಂಟ. ಮೇಕೆಗಳನ್ನು ಕಂಡದ್ದೇ ಅವನು ಸೀಟಿನಿಂದ ಕೆಳಗಿಳಿದು ಕಾಲಿಡುವ ಜಾಗದಲ್ಲಿ ತಲೆ ಮರೆಸಿಕೊಂಡ.

"ಇವನು ಯಾರಿಗೂ ಏನೂ ಮಾಡಲ್ಲ ದೀದಿ," ಎಂದರು ಜಸ್ಲೀನ್. "ಎಲ್ಲರೂ ಇವನಿಗೇ ಮಾಡ್ತಾರೆ. ಹೋದ ವರ್ಷ ಒಂದು ಕಡೆ ಉಳಿದಿದ್ವಿ. ಆ ಮನೆಯ ನಾಯಿ ಕಿವಿ ಹರಿದುಬಿಡ್ತು, ನೋಡಿ." ನವಾಬನ ಎಡಗಿವಿ ಅಂಚಿನಿಂದ ಬುಡದವರೆಗೆ ಸೀಳಿ, ಹೊಲಿಗೆ ಬಿದ್ದು, ವಕ್ರವಾಗಿ ಕೂಡಿತ್ತು. "ಆಮೇಲೆ ಇವನನ್ನ ಎಲ್ಲಿಗೂ ಕರ್ಕೊಂಡು ಹೋಗೋ ಧೈರ್ಯ ಆಗಿಲ್ಲ. ನಿಮ್ಮ ಮನೆ ಬಗ್ಗೆ ಯಾರೋ ಹೇಳಿದ್ರು."

"ಸರಿಯಾಗೇ ಹೇಳಿದಾರೆ," ಎಂದಳು ಜೈವಂತಿ. "ಇವನು ನಲವತ್ತೆರಡನೇವನು. ನೀವೀಗ ಮಾತಾಡ್ಬೇಡಿ ಮೇಡಂ. ನೀವು ಹೆದರಿದ್ರೆ ಅವನಿಗೆ ಕೇಳುತ್ತೆ."

ಡೋರಾ ಬಿಚ್ಚಿ ನವಾಬನ ಎದೆಗೆ ಸುತ್ತಿದಳು. ಭೂರಿ ಬಂದು ಅವನ ಕಡೆ ನೋಡದೆಯೇ ಪಕ್ಕದಲ್ಲಿ ನಿಂತಳು, ಮದುವೆ ಮನೆಯಲ್ಲಿ ಹೊಸ ಸೊಸೆಯ ಪಕ್ಕ ನಿಲ್ಲುವ ಹಿರಿಯ ಅತ್ತೆಯ ಹಾಗೆ. ಮೊದಲ ಐವತ್ತು ಹೆಜ್ಜೆ ನವಾಬ್ ನೆಲಕ್ಕೆ ಹೊಟ್ಟೆ ಉಜ್ಜಿಕೊಂಡೇ ನಡೆದ. ಚಿಲುಮೆಯ ಹತ್ತಿರ ಬರುವಾಗ ಬಾಲ ತೊಡೆಯ ನಡುವಿನಿಂದ ಹೊರಬಂತು. ಇನ್ನೊಂದು ತಿರುವು ಕಳೆಯುವಾಗ ಒಂದು ಮೇಕೆಯ ಬೆನ್ನು ಮೂಸಿ ಸೀನಿದ. ಹಿಂದೆ ಬರುತ್ತಿದ್ದ ಜಸ್ಲೀನ್ ಕಣ್ಣೊರೆಸಿಕೊಂಡದ್ದು ಜೈವಂತಿಗೆ ಗೊತ್ತಾಯಿತು, ತಿರುಗಿ ನೋಡಲಿಲ್ಲ. ಆ ಹೊತ್ತಿಗೆ ಆಕೆ ಬಂಕೂನನ್ನೂ ಕಿಕ್ರೂನನ್ನೂ ಮರೆತಿದ್ದಳು. ಈ ಕಾಲು ಗಂಟೆಯ ಏರಿನಲ್ಲಿ ಆಕೆ ಯಾವಾಗಲೂ ಬೇರೆಲ್ಲ ಮರೆಯುತ್ತಾಳೆ.

ಅಂಗಳದ ಕಲ್ಲುಗೋಡೆಯ ಬಾಯಿಗೆ ಬಂದಾಗ ಆಕೆ ತಲೆಯೆತ್ತಿದಳು. ಬಂಕೂ ಅಲ್ಲಿ ನಿಂತಿದ್ದ. ಅವನ ಕೊರಳಲ್ಲಿ ಕಬ್ಬಿಣದ ಮುಳ್ಳುಪಟ್ಟಿಯಿತ್ತು.

ಚಿರತೆ ಬಾಯಿ ಹಾಕಿದರೆ ಅದರ ಬಾಯಿಯೇ ಹರಿಯಲಿ ಎಂದು ಕಾವಲು ನಾಯಿಗೆ ಹಾಕುವ ಪಟ್ಟಿ ಅದು, ಬೆರಳುದ್ದದ ಮುಳ್ಳುಗಳಿರುತ್ತವೆ. ಹಗಲು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿರುತ್ತದೆ, ಕತ್ತಲಾದ ಮೇಲೆ ಕೊರಳಿಗೆ ಬರುತ್ತದೆ. ಅದು ಕೊರಳಿಗೆ ಬಿದ್ದ ಕ್ಷಣದಿಂದ ನಾಯಿ ಕೆಲಸದ ಮೇಲಿರುತ್ತದೆ. ಆಮೇಲೆ ಅಪರಿಚಿತರು ಅಂಗಳ ತುಳಿಯುವ ಮಾತೇ ಇಲ್ಲ. ಅತಿಥಿ ನಾಯಿ ಬರುವ ದಿನ ಪಟ್ಟಿ ಮುಟ್ಟಕೂಡದು ಎಂಬುದು ಜೈವಂತಿಯ ಕಾನೂನುಗಳಲ್ಲೆಲ್ಲ ಮೊದಲನೆಯದು.

ಜಗಲಿಯ ಮೇಲೆ ಕಿಕ್ರೂ ಚಹಾ ಹಿಡಿದು ಕೂತಿದ್ದ. ಆರು ತಿಂಗಳ ಗಡ್ಡ, ಬಿಸಿಲಿಗೆ ಸುಟ್ಟ ಮೂಗು. ಮಂದೆಯನ್ನು ಜೊತೆಗಾರನ ಕೈಗೆ ಕೊಟ್ಟು, ಕೆಳಗಿನ ಕೊಯ್ಲಾದ ಗದ್ದೆಗಳಲ್ಲಿ ಮೇಯಲು ಬಿಟ್ಟು, ಒಳದಾರಿಯಿಂದ ಮುಂಚೆಯೇ ಬಂದುಬಿಟ್ಟಿದ್ದ.

"ಕಿಕ್ರೂ! ಪಟ್ಟಿ ಯಾರು ಹಾಕಿದ್ದು?"

"ನಾನೇ. ಪಟ್ಟಣದ ಮೇಡಂ ಬರ್ತಾರಂತೆ, ನಮ್ಮ ಹುಡುಗನ್ನ ಬರೀ ಕೊರಳಲ್ಲಿ ನಿಲ್ಸೋದಾ?" ಅವನ ಮುಖದಲ್ಲಿ ಕುಚೋದ್ಯವಿರಲಿಲ್ಲ. ಗದ್ದಿಯ ಕಣ್ಣಿಗೆ ಆ ಪಟ್ಟಿ ಒಡವೆಯೇ. ನೆಂಟರ ಮುಂದೆ ಮಗನಿಗೆ ಹೊಸ ಟೋಪಿ ಹಾಕಿ ನಿಲ್ಲಿಸುವ ಆಸೆಯಿಂದ ಹಾಕಿದ್ದ. ಆಕೆಯ ಮುಖ ನೋಡಿದ ಮೇಲೆ ಅವನಿಗೂ ತಾನು ಮಾಡಿದ್ದೇನೆಂದು ಹೊಳೆಯಿತು. ಲೋಟ ಕೆಳಗಿಟ್ಟ.

ಈಗ ನಿಲ್ಲುವಂತಿರಲಿಲ್ಲ. ನಿಂತರೆ ನವಾಬ್ ಹೆದರುತ್ತಾನೆ, ಹೆದರಿ ಓಡಿದರೆ ಬಂಕೂ ಬೆನ್ನಟ್ಟುತ್ತಾನೆ. ಜೈವಂತಿ ಡೋರಾ ಸಡಿಲ ಬಿಟ್ಟು, ಹೆಜ್ಜೆ ತಪ್ಪಿಸದೆ ಮುಂದೆ ನಡೆದಳು. ಮೇಕೆಗಳು ಒಂದೊಂದಾಗಿ ಒಳಹೊಕ್ಕವು. ಬಂಕೂ ಒಂದೊಂದನ್ನೂ ನೋಡಿ ಒಳಗೆ ಬಿಟ್ಟ. ಭೂರಿ ಹೊಕ್ಕಳು. ನವಾಬನ ಸರದಿ ಬಂದಾಗ ಬಂಕೂವಿನ ಬಾಲ ನೆಟ್ಟಗಾಯಿತು, ಬೆನ್ನಿನ ಕೂದಲು ಎದ್ದವು. ಮೂಗು ಮುಂದೆ ಚಾಚಿ, ಎದೆಗೆ ಸುತ್ತಿದ ಡೋರಾವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಮೂಸಿದ. ಹರಿದು ಹೊಲಿದ ಕಿವಿ ಮೂಸಿದ. ಆಮೇಲೆ ಅವನ ಬೆನ್ನಿನ ಕೂದಲು ಇಳಿದವು. ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ಕಿಕ್ರೂ ಹೆದರಿಕೆ ಇಳಿದ ಖುಷಿಗೆ ಜೋರಾಗಿ ನಕ್ಕ. "ಮುಗೀತು! ಪಟ್ಟಿ ಹಾಕಿದ್ರೂ ಜಾಗ ಬಿಟ್ಟ! ಇನ್ನು ಮೇಡಂ ಚಪ್ಲೀನೂ ತೆಗೆದಿಡ್ತಾನೆ. ಇಟ್ಕೋ ಭಾಭಿ, ನಿನ್ನ ವೇಟರ್‌ನ ನೀನೇ ಇಟ್ಕೋ!"

ಬಂಕೂ ಉಳಿದ. ಆಕೆಯ ಎದೆಯಲ್ಲಿ ಒಂದು ಕ್ಷಣ ಹಾಲು ಉಕ್ಕಿತು. ಮರುಕ್ಷಣವೇ ಆ ನಗು ಮೈಯೆಲ್ಲ ಉರಿಸಿತು. ಉತ್ತರ ಕೊಡಲು ಆಕೆ ಬಾಯಿ ತೆರೆಯುವಷ್ಟರಲ್ಲಿ ಕೆಳಗಿನ ಗದ್ದೆಯ ಕಡೆಯಿಂದ ಕಲ್ಲುಗಳು ಉರುಳಿದ ಸದ್ದಾಯಿತು.

ಮಂದೆಯ ಮೂರು ನಾಯಿಗಳು ಗಾಳಿಯಲ್ಲಿ ಹೊಸ ನಾಯಿಯ ವಾಸನೆ ಹಿಡಿದು ಏರಿ ಬರುತ್ತಿದ್ದವು. ಮುಂದೆ ಇದ್ದವನು ಶಾಹು, ಕಿಕ್ರೂವಿನ ನಾಯಿಗಳಿಗೆಲ್ಲ ಹಿರಿಯ, ಒಂದು ಕಣ್ಣಿನ ಮೇಲೆ ಗಾಯದ ಗೆರೆ ಹೊತ್ತವನು. ಆರು ತಿಂಗಳಿನಿಂದ ಕರಡಿ ಚಿರತೆಗಳನ್ನು ಅಟ್ಟಿದ ನಾಯಿಗಳವು, ನವಾಬನಂಥವನನ್ನು ಎರಡೇ ನಿಮಿಷದಲ್ಲಿ ಮುಗಿಸಬಲ್ಲವು. ಕಿಕ್ರೂ ನಗು ನುಂಗಿ ಸಿಳ್ಳೆ ಹಾಕಿದ. ಅವು ಕಿವಿಗೇ ಹಾಕಿಕೊಳ್ಳಲಿಲ್ಲ. ಅಂಗಳದ ನಡುವೆ ನಿಂತಿದ್ದ ನವಾಬ್ ಅಲ್ಲೇ ಅಂಗಾತ ಬಿದ್ದು ನಾಲ್ಕೂ ಕಾಲು ಮೇಲೆತ್ತಿದ. ಜಸ್ಲೀನ್ ಕೂಗಿದ ಕೂಗಿಗೆ ಅಡುಗೆಮನೆಯಿಂದ ಲೇಖ್‌ರಾಜ್ ಸೌಟು ಹಿಡಿದು ಹೊರಗೆ ಬಂದ.

ಬಂಕೂ ಕೂಗಲಿಲ್ಲ. ಗೋಡೆಯ ಬಾಯಿಗೆ ಹೋಗಿ ಅಡ್ಡಲಾಗಿ ನಿಂತ. ಅವನ ಹಿಂದೆ ಹತ್ತು ಮೇಕೆ, ಒಬ್ಬ ನವಾಬ್. ಅವನ ಮುಂದೆ ಮೂವರು, ಅದರಲ್ಲಿ ಶಾಹು ಅವನ ಒಡಹುಟ್ಟಿದವನೇ, ಭೂರಿಯ ಹಿಂದಿನ ಸೂಲಿನವನು. ಶಾಹು ಹಲ್ಲು ತೋರಿಸಿ ನುಗ್ಗಿ ಬಂದ. ಬಂಕೂ ಕದಲಲಿಲ್ಲ. ಎದೆಯೊಳಗಿಂದ ಒಂದು ಸದ್ದು ಹೊರಡಿಸಿದ. ನಾಲ್ಕು ವರ್ಷದಲ್ಲಿ ಜೈವಂತಿ ಅವನಿಂದ ಆ ಸದ್ದು ಕೇಳಿರಲಿಲ್ಲ. ಒಬ್ಬ ಬಲಕ್ಕೆ ಸುತ್ತಿ ಗೋಡೆ ಹಾರಲು ನೋಡಿದ. ಬಂಕೂ ಅಲ್ಲಿದ್ದ. ಇನ್ನೊಬ್ಬ ಎಡಕ್ಕೆ ಹೋದ. ಬಂಕೂ ಅಲ್ಲೂ ಇದ್ದ. ಯಾರನ್ನೂ ಕಚ್ಚಲಿಲ್ಲ, ಅಟ್ಟಿಸಿಕೊಂಡು ಹೋಗಲಿಲ್ಲ, ಗೋಡೆಯ ಬಾಯಿಯಿಂದ ನಾಲ್ಕು ಹೆಜ್ಜೆ ಆಚೆಗೂ ದಾಟಲಿಲ್ಲ. ಪ್ರತಿ ಬಾರಿಯೂ ಮರಳಿ ಬಂದು ಅದೇ ಜಾಗದಲ್ಲಿ ಅಡ್ಡ ನಿಂತ. ಭೂರಿ ಎದ್ದು ಬರಲೂ ಇಲ್ಲ. ಬಿಸಿಲಿನಲ್ಲಿ ಕೂತು ಕಿವಿ ಕೆರೆದುಕೊಂಡಳು. ಮಗನ ಮೇಲೆ ಆಕೆಗೆ ಅಷ್ಟು ಭರವಸೆ.

ಶಾಹು ಮೊದಲು ನಿಂತ. ಆಮೇಲೆ ಬೇರೆಲ್ಲೋ ನೋಡಿದ. ಆಮೇಲೆ, ತನಗೆ ಮೊದಲಿನಿಂದಲೂ ಈ ವಿಷಯದಲ್ಲಿ ಆಸಕ್ತಿಯೇ ಇಲ್ಲ ಎನ್ನುವಂತೆ ಒಂದು ಕಲ್ಲಿಗೆ ಕಾಲೆತ್ತಿ ಗದ್ದೆಗೆ ಇಳಿದುಹೋದ. ಉಳಿದ ಇಬ್ಬರೂ ಹಿಂಬಾಲಿಸಿದರು.

ನವಾಬ್ ಮೊದಲು ಒಂದು ಕಾಲು ಇಳಿಸಿದ, ಆಮೇಲೆ ಇನ್ನೊಂದು. ಎದ್ದು ಹೋಗಿ ಬಂಕೂವಿನ ಹಿಂದೆ, ಅವನ ಬಾಲಕ್ಕೆ ಮೂಗು ತಾಗುವಷ್ಟು ಹತ್ತಿರ ಕೂತ.

"ನಿಮಗೇನೂ ಆಗ್ಲಿಲ್ಲ ತಾನೆ ಮೇಡಂ?" ಎಂದಳು ಜೈವಂತಿ.

"ಅವನು ಯಾಕೆ ಹಾಗೆ ಮಾಡಿದ ದೀದಿ? ನಮ್ಮ ಪರಿಚಯ ಆಗಿ ಐದು ನಿಮಿಷ ಆಗಿಲ್ಲ," ಎಂದರು ಗೋಡೆಗೆ ಒರಗಿ ಕುಸಿದಿದ್ದ ಜಸ್ಲೀನ್.

"ಒಳಗೆ ಬಂದವರು ಒಳಗಿನವರು. ಅದಕ್ಕೆ ಐದು ನಿಮಿಷ ಯಾಕೆ ಬೇಕು?" ಎಂದು ಹೇಳುತ್ತ ಆಕೆ ನೋಡಿದ್ದು ಮಾತ್ರ ಮೈದುನನನ್ನು.

ಕಿಕ್ರೂ ಬಂಕೂನನ್ನೇ ನೋಡುತ್ತಿದ್ದ. ಇಪ್ಪತ್ತು ವರ್ಷ ನಾಯಿಗಳ ಜೊತೆ ಬದುಕಿದವನು ಅವನು. ಕಚ್ಚುವ ನಾಯಿ ಎಷ್ಟು ಬೇಕಾದರೂ ಸಿಗುತ್ತದೆ, ಕಚ್ಚದೆ ಜಾಗ ಹಿಡಿದು ನಿಲ್ಲುವ ನಾಯಿ ಜನ್ಮಕ್ಕೊಂದು ಸಿಕ್ಕರೆ ಹೆಚ್ಚು ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವೇಟರ್ ಎಂದಿದ್ದವನು ಎದ್ದು ಹೋಗಿ ಬಂಕೂವಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

ಊಟಕ್ಕೆ ಕೂತಾಗ ಲೇಖ್‌ರಾಜ್ ಬಡಿಸುತ್ತಲೇ ಇದ್ದ, ಯಾರೂ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಜೈವಂತಿಯ ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು. ಜಸ್ಲೀನ್ ಕೈ ತೊಳೆದು ಕೋಣೆಗೆ ಹೋದ ಮೇಲೆ ಕಿಕ್ರೂ ತಟ್ಟೆ ನೋಡುತ್ತಲೇ ಮಾತು ತೆಗೆದ.

"ಭಾಭಿ, ಒಂದ್ ಮಾತು."

"ಹೇಳು."

"ಆಗ ನಾನು ಕೆಟ್ಟುಹೋಗಿದಾನೆ ಅಂದ್ನಲ್ಲ. ಅದೇ ಇರ್ಲಿ. ದಾರೀಲಿ ಯಾರು ಕೇಳಿದ್ರೂ ಹಂಗೇ ಹೇಳ್ತೀನಿ. ಗಿರಾಕಿಗಳ ಕೈಗೆ ಸಿಕ್ಕಿ ಹಾಳಾದ, ಅದಕ್ಕೇ ತರ್ಲಿಲ್ಲ ಅಂತ. ಇವತ್ತಿಂದು ನಮ್ ನಮ್ಮಲ್ಲೇ ಇರ್ಲಿ. ನೀನವನ್ನ ಇಟ್ಕೋ."

ಅವನು ಮನಸಾರೆ ಹೇಳಿದ್ದ. ಮೂರು ನಾಯಿಯಲ್ಲಿ ಚಳಿಗಾಲ ಕಳೆಯುವುದು ಎಂಥದೆಂದು ಗೊತ್ತಿದ್ದೂ ಹೇಳಿದ್ದ. ಜೈವಂತಿಗೆ ಅದು ತಿಳಿಯಿತು. ಹೂಂ ಎಂದರೆ ಸಾಕಿತ್ತು. ಒಂದೇ ಒಂದು ಹೂಂ, ನಾಳೆಯೂ ನಾಡಿದ್ದೂ ಬಂಕೂ ಹೊಸ್ತಿಲ ಮೇಲೆ ಗಲ್ಲವಿಟ್ಟು ಮಲಗುತ್ತಿದ್ದ. ಆಕೆ ಹೊರಗೆ ನೋಡಿದಳು. ಬಂಕೂ ಬಿಸಿಲಿನಲ್ಲಿ ಕೂತು ಗದ್ದೆಯ ಕಡೆ ನೋಡುತ್ತಿದ್ದ. ನವಾಬ್ ಅವನ ಮೈಗೆ ಮೈ ತಾಗಿಸಿ ಗೊರಕೆ ಹೊಡೆಯುತ್ತಿದ್ದ.

"ಏನಂತ ಹೇಳ್ತೀಯಾ?" ಎಂದಳು.

"ಹಾಳಾದ ಅಂತ."

"ಯಾರು ಹಾಳಾದ್ದು?" ಆಕೆ ಎದ್ದು ನಿಂತೇಬಿಟ್ಟಳು. "ನಿನ್ನ ಮೂರು ನಾಯೀನ ಒಬ್ನೇ ನಿಲ್ಸಿದೋನು ಹಾಳಾದ್ನಾ? ಒಂದು ಹನಿ ರಕ್ತ ಬೀಳ್ದಂಗೆ ನಿಲ್ಸಿದೋನು? ದಾರಿ ಉದ್ದಕ್ಕೂ ನಾಲ್ಕು ಮಂದಿ ನನ್ನ ಬಂಕೂ ಹೆಸರು ಹೇಳಿ ನಗೋದು, ನಾನಿಲ್ಲಿ ಅವನ ತಲೆ ಸವರ್ತಾ ಕೂತ್ಕೊಳ್ಳೋದಾ? ಆ ಮಾತು ನಿನ್ ಬಾಯಿಂದ ಬರ್ಕೂಡ್ದು ಕಿಕ್ರೂ. ಕರ್ಕೊಂಡು ಹೋಗು ಅವನ್ನ. ಎಲ್ಲರ ಕಣ್ಣಿಗೂ ಬೀಳೋ ಹಂಗೆ ಕರ್ಕೊಂಡು ಹೋಗು. ಇವನು ಜೈವಂತಿ ಸಾಕಿದ ನಾಯಿ ಅಂತ ಹೇಳು."

"ಭಾಭಿ, ಆಮೇಲೆ ಅಳ್ತೀಯಾ."

"ಅಳ್ತೀನಿ. ಅದು ನನ್ ಕೆಲ್ಸ. ನೀನು ನಿನ್ ಕೆಲ್ಸ ನೋಡು."

ಲೇಖ್‌ರಾಜ್ ಸೌಟು ಪಾತ್ರೆಗೆ ಹಾಕಿ, "ರಾಜ್ಮಾಗೆ ಉಪ್ಪು ಜಾಸ್ತಿ ಆಯ್ತೇನೋ," ಎಂದ. ಉಪ್ಪು ಸರಿಯಾಗಿಯೇ ಇತ್ತು. ಅವನಿಗೂ ಏನಾದರೂ ಹೇಳಬೇಕಾಗಿತ್ತು.

ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಬೀಳುವ ಹೊತ್ತಿಗೆ ಮಂದೆ ದಾರಿ ಹಿಡಿಯಿತು. ಜೈವಂತಿ ತಾನೇ ಮೊಳೆಯಿಂದ ಪಟ್ಟಿ ತೆಗೆದಳು. ನಿನ್ನೆಯೇ ಒಳಗಡೆ ಹೊಸ ಉಣ್ಣೆಯ ಮೆತ್ತೆ ಹೊಲಿದು ಸೇರಿಸಿದ್ದಳು, ಕಬ್ಬಿಣ ಕೊರಳಿಗೆ ಉಜ್ಜಬಾರದೆಂದು. ಕಟ್ಟುವಾಗ ಬಂಕೂ ತಲೆ ತಗ್ಗಿಸಿ ಕೊಟ್ಟ. ಕಿಕ್ರೂ ಸಿಳ್ಳೆ ಹಾಕಿದ, ಬಂಕೂ ಹಿಂದೆ ನಡೆದ. ಶಾಹು ಒಮ್ಮೆ ಮೂಸಿ ದಾರಿ ಬಿಟ್ಟ.

ಅಕ್ರೋಟು ಮರದವರೆಗೆ ಹೋದವನು ತಿರುಗಿ ಓಡಿ ಬಂದ. ಬಂದವನೇ ನವಾಬನ ಪಕ್ಕ ಕೂತ. ಕಿಕ್ರೂ ಮತ್ತೆ ಕರೆದ, ಮತ್ತೆ ಹೋದ, ಮತ್ತೆ ಬಂದ. ಮೂರನೆಯ ಸಲವೂ ಅದೇ ಆಯಿತು.

"ಮನಸ್ಸಿಲ್ಲ ಭಾಭಿ ಅವನಿಗೆ!" ಕಿಕ್ರೂ ಕೆಳಗಿನಿಂದ ಕೂಗಿದ. "ಬಿಟ್ಬಿಡೋಣ!"

"ನಿಲ್ಲು!" ಎಂದಳು ಜೈವಂತಿ. ಆಕೆ ಬಂಕೂನ ಕಣ್ಣು ನೋಡುತ್ತಿದ್ದಳು. ಅವನು ನೋಡುತ್ತಿದ್ದುದು ಆಕೆಯನ್ನಲ್ಲ, ಮನೆಯನ್ನೂ ಅಲ್ಲ. ಅಂಗಳದ ನಡುವೆ ಬಯಲಲ್ಲಿ ಕೂತಿದ್ದ ನವಾಬನನ್ನು ನೋಡುತ್ತಿದ್ದ. ಆಕೆಗೆ ಒಮ್ಮೆಲೇ ಅರ್ಥವಾಯಿತು. ಕೊರಳಲ್ಲಿ ಪಟ್ಟಿಯಿದೆ, ಅವನ ಪಾಲಿನ ಜೀವವೊಂದು ಹೊರಗಿದೆ. ಯಾರ ವಶಕ್ಕೂ ಒಪ್ಪಿಸದೆ ಅವನು ಹೇಗೆ ಹೊರಟಾನು?

ಆಕೆ ಡೋರಾ ಬಿಚ್ಚಿ ನವಾಬನ ಎದೆಗೆ ಸುತ್ತಿ, ನಡೆಸಿಕೊಂಡು ಹೋಗಿ ಹೊಸ್ತಿಲು ದಾಟಿಸಿದಳು. ಭೂರಿಯನ್ನು ಕರೆದು ಹೊಸ್ತಿಲ ಮೇಲೆ, ಬಂಕೂ ಮಲಗುತ್ತಿದ್ದ ಜಾಗದಲ್ಲೇ ಮಲಗಿಸಿದಳು. ಬಾಗಿಲಿನ ಕೆಳಗಿನ ಅರ್ಧ ಮುಚ್ಚಿ ಅಗುಳಿ ಹಾಕಿದಳು. ಸದ್ದು ಕೇಳುವಂತೆ ಹಾಕಿದಳು.

"ಒಳಗಿದಾನೆ. ನಾನು ನೋಡ್ಕೋತೀನಿ. ನೀನಿನ್ನು ಹೋಗು."

ಬಂಕೂ ಬಾಗಿಲನ್ನು ನೋಡಿದ, ತಾಯಿಯನ್ನು ನೋಡಿದ, ಕೊನೆಗೆ ಆಕೆಯನ್ನು ನೋಡಿದ. ಆಮೇಲೆ ತಿರುಗಿ ಓಡಿದ. ಚಿಲುಮೆ ದಾಟಿದ, ಅಕ್ರೋಟು ಮರ ದಾಟಿದ, ಮುನ್ನೂರು ಬೆನ್ನುಗಳ ಬಿಳಿ ಧೂಳಿನಲ್ಲಿ ಕರಿ ಚುಕ್ಕೆಯಾಗಿ ಮಂದೆಯ ಎಡಬದಿಗೆ, ಕಾಡಿನ ಕಡೆಗೆ ಹೋಗಿ ಸೇರಿಕೊಂಡ. ಅಲ್ಲಿ ಮೋತಾ ನಡೆಯುತ್ತಿದ್ದ ಜಾಗ ಖಾಲಿಯಿತ್ತು. ಅವನಿಗೆ ಅದನ್ನು ಯಾರೂ ತೋರಿಸಿರಲಿಲ್ಲ.

"ನೋಡಿದ್ರೇನ್ರೀ? ಎಲ್ಲಿ ನಿಂತ ನೋಡಿದ್ರಾ?" ಎಂದು ಆಕೆ ಗಂಡನ ತೋಳು ಹಿಡಿದು ಜಗ್ಗಿದಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಪುರಸೊತ್ತಿರಲಿಲ್ಲ. ಇಷ್ಟು ದುಃಖ ಇಷ್ಟು ಸಂತೋಷ ಎರಡೂ ಒಟ್ಟಿಗೆ ಆಕೆಗೆ ಹಿಂದೆ ಒಮ್ಮೆ ಆಗಿತ್ತು, ಮಗಳ ಮದುವೆಯ ದಿನ. ಅಂದೂ ಇಷ್ಟು ಜಂಬ ಪಟ್ಟಿರಲಿಲ್ಲ.

ಎರಡು ದಿನ ಕಳೆದು ಜಸ್ಲೀನ್ ಹೊರಟರು. ನವಾಬ್ ಕಾರಿನ ಸೀಟಿನ ಮೇಲೆಯೇ ಕೂತ, ಕೆಳಗೆ ಇಳಿಯಲಿಲ್ಲ. ಹೋಗುವಾಗ ಅವರು ಜೈವಂತಿಯ ಕೈ ಹಿಡಿದು, ಭೂರಿಯ ತಲೆ ಸವರಿ ಹೋದರು.

ಅಂದು ಸಂಜೆ ಲೇಖ್‌ರಾಜ್ ಫೋನ್ ಹಿಡಿದು ಜಗಲಿಯ ಮೇಲೆ ಕೂತ.

"ಗಿರಾಕಿಗಳಿಗೆ ಅಂತ ಫೋನಲ್ಲಿ ನಮ್ಮ ಮನೆ ಬಗ್ಗೆ ಬರೆದಿರೋದ್ರಲ್ಲಿ ಎರಡು ನಾಯಿ ಅಂತ ಇದೆ. ಈಗ ಒಂದೇ ಅಲ್ವಾ? ಬದಲಾಯಿಸ್ಲಾ?"

"ಯಾಕೆ ಬದಲಾಯಿಸ್ಬೇಕು? ಎರಡೇ."

"ಬಂದೋರು ಎಣಿಸ್ತಾರೆ ಕಣೇ."

ಜೈವಂತಿ ಪಕ್ಕದಲ್ಲಿ ಕೂತು ಉಣ್ಣೆ ನೂಲುತ್ತ ಯೋಚಿಸಿದಳು. ಬಾಗಿಲ ಪಕ್ಕದ ಮೊಳೆ ಖಾಲಿಯಿತ್ತು. ಅದಕ್ಕೆ ಬೇರೇನನ್ನೂ ತೂಗುಹಾಕಲು ಆಕೆ ಬಿಟ್ಟಿರಲಿಲ್ಲ.

"ಹಂಗಾದ್ರೆ ಹೀಗೆ ಬರೀರಿ," ಎಂದಳು. "ನಮ್ಮ ಮನೇಲಿ ಎರಡು ನಾಯಿ ಇವೆ. ಒಂದು ಹೊಸ್ತಿಲ ಮೇಲಿದೆ. ಇನ್ನೊಂದು ಡ್ಯೂಟಿ ಮೇಲೆ ಹೋಗಿದೆ, ಚೈತ್ರದಲ್ಲಿ ಬರುತ್ತೆ."

"ಇದೆಲ್ಲ ಗಿರಾಕಿಗಳಿಗೆ ಯಾಕೆ?"

"ಗೊತ್ತಿರ್ಲಿ," ಎಂದಳು ಜೈವಂತಿ.